ಎಡಗಾಲಿನ ಎರಡು ಹೊಲಿಗೆ

ಬಟ್ಟೆಯನ್ನು ನಾವು ಮಡಚಿ ಕತ್ತರಿಸುತ್ತೇವೆ. ರವಿಕೆಯಾಗಲಿ, ಚೂಡಿದಾರವಾಗಲಿ, ನಡುವಿಗೆ ಒಂದು ಮಡಿಕೆ ಹಾಕಿ, ಸೀಮೆಸುಣ್ಣದಲ್ಲಿ ಅರ್ಧ ಆಕಾರ ಬರೆದು, ಎರಡು ಪದರಕ್ಕೂ ಒಂದೇ ಸಲ ಕತ್ತರಿ ಹಾಕಿದರೆ ಎಡ ಬಲ ಎರಡೂ ಸರಿಸಮ ಬರುತ್ತವೆ. ಹಾಗಾಗಿ ಅಳತೆಯನ್ನೂ ಒಂದೇ ಕಡೆ ತೆಗೆಯುವುದು ರೂಢಿ. ಬಲಗೈ ಅಳೆದರೆ ಆಯಿತು, ಎಡಗೈ ಅದೇ ಎಂದು ಲೆಕ್ಕ. ಶಿರಸಿ ಪೇಟೆಯ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ನನ್ನ ಅಳತೆ ಪುಸ್ತಕಗಳಲ್ಲಿರುವ ಹೆಂಗಸರೆಲ್ಲ ಅರ್ಧರ್ಧ ಹೆಂಗಸರು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನನ್ನದು ಸಂಶಯದ ಸ್ವಭಾವ, ಅದು ಊರಿಗೇ ಗೊತ್ತು. ಬಟ್ಟೆ ಅಂಗಡಿಯವನು ಅಳೆದುಕೊಟ್ಟ ಎರಡು ಮೀಟರನ್ನು ಅವನ ಎದುರೇ ಮತ್ತೊಮ್ಮೆ ಅಳೆಯುತ್ತೇನೆ. ಟೇಪು ಹಳತಾದಂತೆ ಜಗ್ಗಿ ಉದ್ದವಾಗುತ್ತದೆ ಎಂದು ಪ್ರತಿ ಸೋಮವಾರ ಅದನ್ನು ಮರದ ಸ್ಕೇಲಿನ ಮೇಲೆ ಇಟ್ಟು ನೋಡುತ್ತೇನೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಯಜಮಾನರು, ಮದುವೆಯ ದಿನ ತಾಳಿಯ ಗಂಟನ್ನೂ ಜಗ್ಗಿ ನೋಡಿದವಳು ಇವಳು ಎಂದು ಬಂದವರೆದುರೆಲ್ಲ ಹೇಳಿ ನಗುತ್ತಾರೆ. ಅದು ಸುಳ್ಳು. ಜಗ್ಗಿ ನೋಡಿದ್ದು ಮರುದಿನ.

ಇಷ್ಟು ಸಂಶಯದವಳು ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಬನವಾಸಿಯಲ್ಲಿ, ನನ್ನ ತವರಿನ ಓಣಿಯಲ್ಲಿ, ನನಗೆ ಹೊಲಿಗೆ ಕಲಿಸಿದ ಹೆಂಗಸು ಕತ್ತರಿ ಹಿಡಿಸುವ ಮೊದಲೇ ಕಲಿಸಿದ ಪಾಠ ಅದು. ಗಿರಾಕಿಯ ಮೈಯ ಓರೆಕೋರೆಯನ್ನು ಗಿರಾಕಿಗೆ ಹೇಳಬಾರದು. ಬಟ್ಟೆಯಲ್ಲಿ ಸರಿಮಾಡಿ ಕೊಟ್ಟು ಸುಮ್ಮನಿರಬೇಕು. ಒಬ್ಬರು ಟೀಚರಿದ್ದಾರೆ, ವರ್ಷಾನುಗಟ್ಟಲೆ ಒಂದೇ ಹೆಗಲಿಗೆ ಚೀಲ ಹಾಕಿ ಹಾಕಿ ಅವರ ಬಲಭುಜ ಇಳಿದಿದೆ. ಅವರ ರವಿಕೆಯ ಬಲಭುಜದೊಳಗೆ ಬಟ್ಟೆಯ ಒಂದು ತೆಳು ಮಡಿಕೆ ಇಟ್ಟು ಹೊಲಿಯುತ್ತೇನೆ. ನಿನ್ನ ಹತ್ತಿರ ಹೊಲಿಸಿದರೆ ಮಾತ್ರ ನನಗೆ ಭುಜ ಸರಿ ಕೂರುತ್ತದೆ ಎಂದು ಅವರು ಹೇಳುತ್ತಾರೆ. ಕಾರಣ ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಿರಲೂ ಇಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ನಮಗೆ ಒಬ್ಬಳೇ ಮಗಳು. ಹತ್ತನೇ ತರಗತಿ ಮುಗಿಸುವಾಗಲೇ ಅಪ್ಪನಿಗಿಂತ ಎತ್ತರ. ವಾಲಿಬಾಲ್ ಆಡುತ್ತಾಳೆ. ನೆಟ್ಟಿನ ಹತ್ತಿರ ಮೇಲೆದ್ದು ಬಲಗೈಯಲ್ಲಿ ಅವಳು ಚೆಂಡು ಹೊಡೆದರೆ ಆಚೆ ನಿಂತವರು ಕೈ ಮುಂದೆ ಮಾಡುವುದಕ್ಕಿಂತ ಮುಖ ತಿರುಗಿಸುವುದೇ ಹೆಚ್ಚು. ನಮ್ಮ ಕಡೆ ವಾಲಿಬಾಲ್ ಅಂದರೆ ಹಳ್ಳಿಹಳ್ಳಿಗೂ ಹುಚ್ಚು, ಆದರೆ ಹುಡುಗಿಯರಿಗೆ ಅಂಗಳ ಸಿಗುವುದು ಕಡಿಮೆ. ಅವಳ ಪಿಯು ಕಾಲೇಜಿನ ದೈಹಿಕ ಶಿಕ್ಷಕರು, ಸಿದ್ದಾಪುರದ ಕಡೆಯವರು, ಹಟ ಹಿಡಿದು ಹುಡುಗಿಯರ ತಂಡ ಕಟ್ಟಿದ್ದರು. ಅವರನ್ನು ಎಲ್ಲರೂ ಸರ್ ಎಂದೇ ಕರೆಯುವುದು. ಡಿಸೆಂಬರಿನಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ನಡೆಯುತ್ತದೆ, ಸಿಕ್ಕಿದರೆ ಓದು, ಊಟ, ತರಬೇತಿ ಎಲ್ಲ ಅಲ್ಲೇ, ಇವಳಿಗೆ ಸಿಗದಿದ್ದರೆ ಮತ್ಯಾರಿಗೂ ಸಿಗುವುದಿಲ್ಲ ಎಂದು ಅವರು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಅವಳ ಮೈ ಎರಡೂ ಕಡೆ ಒಂದೇ ಸಮ ಇಲ್ಲ ಎಂದು ನನಗೆ ಮೊದಲು ತಿಳಿದದ್ದು ತೋಳಿನಿಂದ. ಚೂಡಿದಾರದ ಬಲತೋಳು ಬಿಗಿ, ಎಡತೋಳು ಸರಿ. ಕತ್ತರಿ ಜಾರಿತೇನೋ ಎಂದು ನನ್ನ ಮೇಲೇ ಸಂಶಯಪಟ್ಟೆ. ಮುಂದಿನದನ್ನು ಜಾಗ್ರತೆಯಿಂದ ಕತ್ತರಿಸಿದೆ, ಅದೂ ಹಾಗೇ. ಆಮೇಲೆ ಸರ್ ಮೇಲೆ ಸಂಶಯ ಬಂತು, ಒಂದೇ ಕೈಗೆ ಏನು ಹೊರಿಸುತ್ತಾರೆ ಎಂದು. ಅವರು ಬಿಡಿಸಿ ಹೇಳಿದರು. ಹೊಡೆಯುವ ಕೈ ಬೆಳೆಯುವುದು ಸಹಜ, ಎಲ್ಲ ಆಟಗಾರರಲ್ಲೂ ಇರುತ್ತದೆ, ತೀರಾ ಹೆಚ್ಚಾಗದ ಹಾಗೆ ನೋಡಿಕೊಂಡರೆ ಸಾಕು. ಅಂದಿನಿಂದ ಅವಳ ಬಲತೋಳಿಗೆ ಅರ್ಧ ಇಂಚು ಹೆಚ್ಚು ಇಟ್ಟು ಹೊಲಿದೆ. ಎರಡು ಕಡೆ ಬೇರೆ ಬೇರೆ ಕತ್ತರಿಸಬೇಕಾದ ಮಗಳು ನನ್ನವಳು ಎಂದು ಒಳಗೊಳಗೇ ಬೀಗಿದ್ದೂ ನಿಜ.

ಸೆಪ್ಟೆಂಬರಿನಲ್ಲಿ ಯಲ್ಲಾಪುರದಲ್ಲಿ ಪಂದ್ಯಾವಳಿ ನಡೆಯಿತು. ಗೆದ್ದು ಬಂದರು. ಕಪ್ಪನ್ನು ಎತ್ತಿಕೊಂಡು ಬಸ್ಸಿನಿಂದ ಇಳಿದ ಹುಡುಗಿಯರಲ್ಲಿ ಇವಳು ಕೊನೆಗೆ ಇಳಿದಳು. ಕಾಲು ಸ್ವಲ್ಪ ಉಳುಕಿದೆ ಎಂದಳು. ಎರಡು ದಿನ ಮುಲಾಮು ಹಚ್ಚಿಕೊಂಡಳು, ಮೂರನೇ ದಿನ ಎಲ್ಲ ಸರಿ ಎಂದು ಮೈದಾನಕ್ಕೆ ಹೋದಳು.

ಅಲ್ಲಿಂದ ಮುಂದೆ ಅವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ನನಗೆ ಅನ್ನಿಸತೊಡಗಿತು. ಅಭ್ಯಾಸ ಮುಗಿಸಿ ದಿನಾ ನನ್ನ ಅಂಗಡಿಗೆ ಬಂದು ಡಬ್ಬಿಯಲ್ಲಿಟ್ಟ ಅವಲಕ್ಕಿ ತಿನ್ನುವುದು ಅವಳ ಪದ್ಧತಿ. ಈಗ ಮಹಡಿ ಹತ್ತುವುದನ್ನೇ ಬಿಟ್ಟಳು. ಕೆಳಗೆ ನಿಂತು ಫೋನ್ ಮಾಡಿ, ಅಮ್ಮ ನೀನೇ ಇಳಿದು ಬಾ, ಒಟ್ಟಿಗೆ ಮನೆಗೆ ಹೋಗುವ ಎನ್ನುತ್ತಿದ್ದಳು. ಮಾತಾಡುತ್ತಿದ್ದ ಫೋನನ್ನು ನನ್ನ ಕಂಡಕೂಡಲೇ ಇಡುತ್ತಿದ್ದಳು. ಬಚ್ಚಲಿನಲ್ಲಿ ಹೊತ್ತು ಕಳೆಯುತ್ತಿದ್ದಳು, ಹೊರಗೆ ಬರುವಾಗ ಮೈತುಂಬ ಪೌಡರಿನ ಘಮ. ಹದಿನೇಳು ವರ್ಷದ ಹುಡುಗಿ ಹೀಗೆಲ್ಲ ಮಾಡಿದರೆ ಯಾವ ತಾಯಿಗೆ ಏನು ತೋಚುತ್ತದೆ? ಯಾವನೋ ಹುಡುಗನಿದ್ದಾನೆ ಎಂದು ತೀರ್ಮಾನ ಮಾಡಿಬಿಟ್ಟೆ. ಫೋನ್ ಬಂದಾಗಲೆಲ್ಲ ಅಂಗಡಿಯ ಕಿಟಕಿಯಿಂದ ಕದ್ದು ನೋಡಿದೆ. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಮೆಟ್ಟಿಲಿನ ಕಂಬಿ ಹಿಡಿದು ಒಬ್ಬಳೇ ನಿಂತಿರುತ್ತಿದ್ದಳು. ಹುಡುಗ ಮೂಲೆಯ ಆಚೆ ನಿಂತಿರಬೇಕು ಅಂದುಕೊಂಡೆನೇ ಹೊರತು ಕಂಬಿ ಯಾಕೆ ಹಿಡಿದಿದ್ದಾಳೆ ಎಂದು ಯೋಚಿಸಲಿಲ್ಲ.

ಒಂದು ದಿನ ಅವಳು ಮೀಯುವ ಹೊತ್ತಿಗೆ ಅವಳ ಚೀಲವನ್ನೂ ಜಾಲಾಡಿದೆ. ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ. ಪತ್ರ, ಫೋಟೋ, ಉಡುಗೊರೆ ಏನಾದರೂ ಸಿಗುತ್ತದೇನೋ ಎಂದು ಹುಡುಕಿದವಳಿಗೆ ಸಿಕ್ಕಿದ್ದು ಮೊಣಕಾಲಿಗೆ ಹಾಕುವ ಪಟ್ಟಿ, ಮುಲಾಮಿನ ಎರಡು ಖಾಲಿ ಟ್ಯೂಬು, ಅರ್ಧ ಬಳಸಿದ ಒಂದು. ಆಟಗಾರರ ಚೀಲದಲ್ಲಿ ಇದೆಲ್ಲ ಇರುವುದೇ ಎಂದು ಹಾಗೇ ಇಟ್ಟು ನಿಟ್ಟುಸಿರು ಬಿಟ್ಟೆ. ಎರಡು ಟ್ಯೂಬು ಇಷ್ಟು ಬೇಗ ಖಾಲಿಯಾದದ್ದು ಹೇಗೆ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಅದೇ ವಾರ ತಂಡಕ್ಕೆಲ್ಲ ಟ್ರ್ಯಾಕ್ ಪ್ಯಾಂಟು ಹೊಲಿಯುವ ಕೆಲಸ ನನಗೇ ಬಂತು. ನಮ್ಮ ಕಡೆ ಹುಡುಗಿಯರು ಅಭ್ಯಾಸಕ್ಕೂ ಪಂದ್ಯಕ್ಕೂ ಉದ್ದ ಪ್ಯಾಂಟಿನಲ್ಲೇ ಇಳಿಯುವುದು. ಎಲ್ಲರದೂ ಸರಿಹೋಯಿತು, ನನ್ನ ಮಗಳದು ಮಾತ್ರ ಎಡ ತೊಡೆಯ ಹತ್ತಿರ ಜೋಲಿತು. ಅವಳು ಹಾಕಿಕೊಂಡು ಕನ್ನಡಿಯ ಎದುರು ತಿರುಗಿದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಬಲಗಾಲಿನ ಮೇಲೆ ಬಟ್ಟೆ ತುಂಬಿಕೊಂಡಿದೆ, ಎಡಗಾಲಿನ ಮೇಲೆ ನೆರಿಗೆ ಬಿದ್ದಿದೆ. ತೋಳಿನ ಹಾಗೇ ಇದೂ ಇರಬೇಕು, ಆಟದ ಮೈ ಎಂದು ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಏನೂ ಹೇಳಲಿಲ್ಲ. ಅವಳು ಕಾಲೇಜಿಗೆ ಹೋದ ಮೇಲೆ ಎಡಗಾಲಿನ ಒಳ ಹೊಲಿಗೆಯಲ್ಲಿ ಮುಕ್ಕಾಲು ಇಂಚು ಹಿಡಿದು ಬಿಗಿ ಮಾಡಿದೆ. ಹೊರಗಿನಿಂದ ಎಳ್ಳಷ್ಟೂ ಗೊತ್ತಾಗದ ಹಾಗೆ ಇಸ್ತ್ರಿ ಹಾಕಿ ಮಡಚಿಟ್ಟೆ. ಅದು ನವರಾತ್ರಿಗೆ ಮೊದಲು.

ದೀಪಾವಳಿ ಕಳೆದು ನೋಡಿದರೆ ಮತ್ತೆ ಜೋಲುತ್ತಿತ್ತು. ಈ ಸಲ ಅವಳು ಊಟ ಬಿಟ್ಟಿದ್ದಾಳೆ ಎಂದು ಸಂಶಯ ಬಂತು, ಹುಡುಗನಿಗಾಗಿ ಸಪೂರ ಆಗುತ್ತಿದ್ದಾಳೆ ಎಂದು. ಮೆಡಿಕಲ್ ಅಂಗಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ತೂಕ ಜೂನಿನಲ್ಲಿ ಇದ್ದಷ್ಟೇ ಇತ್ತು, ಒಂದು ಗ್ರಾಮೂ ಇಳಿದಿರಲಿಲ್ಲ. ಹಾಗಾದರೆ ಬಟ್ಟೆಯೇ ಬೆಳೆದಿರಬೇಕು, ಈ ಸಿಂಥೆಟಿಕ್ ಬಟ್ಟೆಯನ್ನು ನಂಬಬಾರದು ಎಂದು ಅಂಗಡಿಯವನನ್ನು ಬೈದುಕೊಂಡು ಮತ್ತೆ ಮುಕ್ಕಾಲು ಇಂಚಿಗೆ ಇನ್ನೊಂದು ಹೊಲಿಗೆ ಹಿಡಿದೆ. ಆ ದಿನಗಳಲ್ಲೇ ಅವಳ ಚಪ್ಪಲಿಯೂ ಹಾಳಾಯಿತು, ಬಲಗಾಲಿನದು ಮಾತ್ರ. ಹಿಮ್ಮಡಿ ಪೂರಾ ಸವೆದಿತ್ತು, ಎಡಗಾಲಿನದು ಹೊಸದರ ಹಾಗಿತ್ತು. ಕಳಪೆ ಮಾಲು ಎಂದು ನಾನು ಚಪ್ಪಲಿ ಅಂಗಡಿಗೆ ಜಗಳಕ್ಕೆ ಹೊರಟಾಗ ಯಜಮಾನರು ತಡೆದರು.

"ಟೈರು ಒಂದೇ ಬದಿ ಸವೆದ್ರೆ ನಾವು ಟೈರಿನವ್ನನ್ನ ಬೈಯೂದಿಲ್ಲ ಮಾರಾಯ್ತಿ," ಎಂದರು. "ಗಾಡಿ ಎಂತಕ್ಕೆ ವಾಲ್ತಾ ಉಂಟು ಅಂತ ಬಗ್ಗಿ ನೋಡ್ತೇವೆ."

ಡಿಪೋದ ಬುದ್ಧಿಯನ್ನು ಮನೆಗೆ ತರಬೇಡಿ ಎಂದು ಅವರ ಬಾಯಿ ಮುಚ್ಚಿಸಿದೆ.

ಡಿಸೆಂಬರಿನ ಆಯ್ಕೆಗೆ ಎರಡು ವಾರ ಮೊದಲು ಸಿದ್ದಾಪುರದಲ್ಲಿ ಆಟಗಾರರಿಗೆ ಒಂದು ದಿನದ ತಪಾಸಣೆ ಇಟ್ಟಿದ್ದರು. ಸುತ್ತಲಿನ ತಾಲೂಕುಗಳಿಂದ ಆರಿಸಿದ ಮಕ್ಕಳು ಬಂದಿದ್ದರು. ತಂದೆತಾಯಿ ಬರಲೇಬೇಕೆಂದೇನೂ ಇರಲಿಲ್ಲ, ಆದರೆ ಹುಡುಗ ಅಲ್ಲಿಗೇ ಬಂದರೆ ಎಂದು ನಾನೂ ಬೆಳಗಿನ ಬಸ್ಸಿಗೆ ಜೊತೆಗೆ ಹತ್ತಿದೆ. ಒಂದು ಸಭಾಭವನದಲ್ಲಿ ತಕ್ಕಡಿಯಂಥ ಯಂತ್ರ ನಿಲ್ಲಿಸಿದ್ದರು. ಬರಿಗಾಲಲ್ಲಿ ಅದರ ಮೇಲೆ ನಿಂತು ಎರಡು ಹಿಡಿಕೆ ಹಿಡಿದುಕೊಂಡರೆ, ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು, ನೀರೆಷ್ಟು ಎಂದು ಕಾಗದ ಬರುತ್ತದಂತೆ. ಮೈಯೊಳಗೆ ಸಣ್ಣದಾಗಿ ಕರೆಂಟು ಹರಿಸುತ್ತದೆ ಎಂದು ಅಲ್ಲಿದ್ದ ಫಿಸಿಯೋಥೆರಪಿ ಹುಡುಗಿ ಹೇಳಿದ್ದೇ ನಾನು ಮಗಳ ಕೈ ಹಿಡಿದೆಳೆದೆ. ಆ ಹುಡುಗಿ ನಕ್ಕು, ನೀವೂ ನಿಲ್ಲಿ ಅಕ್ಕ, ಏನೂ ಆಗುವುದಿಲ್ಲ ಎಂದಳು. ನಾನು ನಿಲ್ಲಲಿಲ್ಲ. ನನ್ನ ಕೊಬ್ಬು ಎಷ್ಟೆಂದು ಕಾಗದದಲ್ಲಿ ಬರೆಸಿಕೊಳ್ಳುವ ಅಗತ್ಯ ನನಗಿರಲಿಲ್ಲ.

ಮಗಳ ಕಾಗದ ಬಂತು. ಅದರಲ್ಲಿ ಒಂದು ಮನುಷ್ಯನ ಚಿತ್ರ, ಎರಡು ಕೈ, ಎರಡು ಕಾಲು, ನಡು ಎಂದು ಐದು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಅಂಕಿ. ನಾವು ಬಟ್ಟೆ ಕತ್ತರಿಸಿ ಹರಡಿಟ್ಟ ಹಾಗೇ ಇತ್ತು, ಆದರೆ ಮಡಿಕೆ ಇರಲಿಲ್ಲ. ಬಲಗೈ ಎಡಗೈಗಿಂತ ಹೆಚ್ಚು, ಅದು ಗೊತ್ತಿದ್ದದ್ದೇ. ಎಡಗಾಲಿನ ಪಕ್ಕದಲ್ಲಿ ಕೆಳಗೆ ತೋರಿಸುವ ಬಾಣದ ಗುರುತಿತ್ತು. ಫಿಸಿಯೋ ಹುಡುಗಿ ನಗುವುದನ್ನು ನಿಲ್ಲಿಸಿ ಸರ್ ಅವರನ್ನು ಕರೆದಳು. ಇಬ್ಬರೂ ಕಿಟಕಿಯ ಹತ್ತಿರ ಹೋಗಿ ಪಿಸಿಪಿಸಿ ಮಾತಾಡಿದರು. ಆ ಪಿಸುಮಾತು ನನಗೆ ಹಿಡಿಸಲಿಲ್ಲ.

ಸರ್ ಬಂದು ಹೇಳಿದ್ದಿಷ್ಟು. ಬಲಗೈಯಲ್ಲಿ ಹೊಡೆಯುವವರು ನೆಗೆಯುವಾಗ ಕೊನೆಗೆ ಒತ್ತುವುದು ಎಡಗಾಲನ್ನು, ಎಷ್ಟೋ ಸಲ ಇಳಿಯುವುದೂ ಅದರ ಮೇಲೆಯೇ. ಹಾಗಾಗಿ ಇವಳ ಎಡಗಾಲು ಬಲಗಾಲಿನಷ್ಟಾದರೂ ಇರಬೇಕು. ಅದು ಕರಗಿದೆ ಎಂದರೆ ಆ ಕಾಲನ್ನು ಇವಳು ಬಹಳ ದಿನದಿಂದ ಬಳಸುತ್ತಿಲ್ಲ, ಬಳಸಿದ ಹಾಗೆ ನಟಿಸುತ್ತಿದ್ದಾಳೆ. ತೂಕ ಅಷ್ಟೇ ಇದೆ, ಯಾಕೆಂದರೆ ಮಾಂಸ ಇಳಿದಷ್ಟು ಮೈಯ ಬೇರೆ ಕಡೆ ಕೊಬ್ಬು ಸೇರಿದೆ. ಮೊಣಕಾಲು ನೋಡದೆ ಇವಳನ್ನು ಆಯ್ಕೆಗೆ ನಿಲ್ಲಿಸಲು ಆಗುವುದಿಲ್ಲ.

ನನ್ನ ತಲೆ ಕೆಟ್ಟಿತು. ಮನೆಯ ಜಗಲಿಯಲ್ಲಿ ಕುಳಿತು ಆಸೆ ಹುಟ್ಟಿಸಿದವರು ಇವರೇ, ಈಗ ತೆಗೆದುಹಾಕುವವರೂ ಇವರೇ. ತಂಡದಲ್ಲಿ ಯಲ್ಲಾಪುರದ ಕಡೆಯ ಇನ್ನೊಬ್ಬ ಹುಡುಗಿ ಇದ್ದಳು, ಚೆನ್ನಾಗಿಯೇ ಆಡುತ್ತಿದ್ದಳು. ಅವಳಿಗೆ ದಾರಿ ಮಾಡುವುದಕ್ಕೆ ಈ ನಾಟಕ ಎಂದು ನನಗೆ ಖಾತ್ರಿಯಾಯಿತು. ಅಷ್ಟು ಜನರ ಎದುರೇ ಕೇಳಿದೆ.

"ಆ ಯಂತ್ರ ಹೇಳಿದ್ದು ಖರೇ ಅಂತ ಯಾರು ಹೇಳಿದರ್ರೀ? ಇಪ್ಪತ್ತೆರಡು ವರ್ಷ ಮಂದಿ ಮೈ ಅಳದಾಕಿ ನಾನು. ನನ್ನ ಮಗಳ ಕಾಲು ನನಗ ಗೊತ್ತಿಲ್ಲೇನು?"

ಸರ್ ಸಿಟ್ಟಾಗಲಿಲ್ಲ, ಅದೂ ನನಗೆ ಸಂಶಯದ ವಿಷಯವೇ ಆಯಿತು. ಯಂತ್ರ ತಪ್ಪಬಹುದು, ನೀರು ಕುಡಿದಿದ್ದರೂ ಅಂಕಿ ಆಚೀಚೆ ಆಗುತ್ತದೆ, ಟೇಪಿನಲ್ಲೇ ನೋಡುವ ಎಂದು ಫಿಸಿಯೋ ಹುಡುಗಿ ನಮ್ಮನ್ನು ಒಳಗಿನ ಕೋಣೆಗೆ ಕರೆದಳು. ಸರ್ ಬಾಗಿಲ ಹೊರಗೆ ನಿಂತರು. ಅವಳು ಮಗಳನ್ನು ಬೆಂಚಿನ ಮೇಲೆ ಕೂರಿಸಿ, ಎರಡೂ ಮೊಣಕಾಲು ಚಿಪ್ಪಿನಿಂದ ಮೇಲಕ್ಕೆ ಒಂದೇ ದೂರದಲ್ಲಿ ಪೆನ್ನಿನಿಂದ ಗುರುತು ಹಾಕಿದಳು. ಆಮೇಲೆ ಜೇಬಿನಿಂದ ತೆಗೆದಳು, ನನ್ನದರಂಥದೇ ಹಳದಿ ಟೇಪು. ಬಲ ತೊಡೆ ಅಳೆದಳು, ಎಡ ತೊಡೆ ಅಳೆದಳು. ಒಂದೂವರೆ ಇಂಚು ಕಡಿಮೆ ಎಂದಳು.

ನಿಮ್ಮ ಟೇಪು ಜಗ್ಗಿದೆ ಎಂದೆ. ನನ್ನ ಚೀಲದಲ್ಲಿ ನನ್ನ ಟೇಪು ಯಾವಾಗಲೂ ಇರುತ್ತದೆ. ನೆಲದ ಮೇಲೆ ಮಂಡಿಯೂರಿ, ಮಗಳ ಬಲ ತೊಡೆಗೆ ಸುತ್ತಿದೆ, ಓದಿದೆ. ಎಡ ತೊಡೆಗೆ ಸುತ್ತಿದೆ. ಒಬ್ಬರ ಎರಡೂ ಕಾಲಿಗೆ ನಾನು ಟೇಪು ಹಾಕಿದ್ದು ಜೀವನದಲ್ಲಿ ಅದೇ ಮೊದಲು. ಬೆರಳಿಗೆ ಸಿಕ್ಕಿದ ಆ ತೊಡೆ ಮೆತ್ತಗಿತ್ತು, ನಾನು ಎಣ್ಣೆ ಹಚ್ಚಿ ಮೀಯಿಸಿ ಬೆಳೆಸಿದ ಕಾಲಿನ ಹಾಗೆ ಇರಲಿಲ್ಲ. ಒಂದೂವರೆ ಇಂಚು. ಇನ್ನೊಂದು ಸಲ ಅಳೆದೆ. ಅಷ್ಟೇ.

ಎಷ್ಟು ದಿನದಿಂದ ಹೀಗೆ ಎಂದು ಫಿಸಿಯೋ ಹುಡುಗಿ ಮಗಳನ್ನು ಕೇಳಿದಳು. ಮಗಳು ತಲೆ ತಗ್ಗಿಸಿ ಯಲ್ಲಾಪುರದ ಪಂದ್ಯದ ದಿನ ಹೇಳಿದಳು. ಎದುರಿನವರ ಹೊಡೆತ ತಡೆಯಲು ನೆಟ್ಟಿನ ಹತ್ತಿರ ನೆಗೆದು ಇಳಿಯುವಾಗ ಮೊಣಕಾಲು ಒಳಗೆ ತಿರುಗಿದ್ದು, ಕಟ್ ಎಂದು ಸದ್ದಾದದ್ದು, ಸರ್ ಕೂರಿಸಿಬಿಡುತ್ತಾರೆ ಎಂದು ಹೇಳದೆ ಆಡಿದ್ದು, ಫೋನಿನಲ್ಲಿ ಗೆಳತಿಯ ಹತ್ತಿರ ಮಾತ್ರ ಹೇಳಿಕೊಂಡದ್ದು. ಮುಲಾಮಿನ ವಾಸನೆ ಅಡಗಿಸಲು ಪೌಡರು. ಮೆಟ್ಟಿಲು ಹತ್ತಲಾಗದೆ ಕೆಳಗಿನಿಂದ ಫೋನು. ನಾನು ಮೂರು ತಿಂಗಳು ಹುಡುಕಿದ ಹುಡುಗ ಅವಳ ಒಂದೊಂದು ಮಾತಿಗೂ ಒಂದಿಷ್ಟು ಕರಗಿಹೋದ.

"ಮನೇಲಿ ಯಾರಿಗೂ ಗೊತ್ತೇ ಆಗ್ಲಿಲ್ವಾ?" ಎಂದಳು ಫಿಸಿಯೋ ಹುಡುಗಿ.

ಮಗಳು ನನ್ನ ಕಡೆ ನೋಡಿದಳು. ದೂರುವ ನೋಟ ಅದಾಗಿರಲಿಲ್ಲ. ಗೊತ್ತಿದ್ದ ವಿಷಯ ಹೇಳಿದ ಹಾಗೆ ಹೇಳಿದಳು.

"ಅಮ್ಮಂಗೆ ಗೊತ್ತಿತ್ತು. ಎರಡು ಸಲ ಪ್ಯಾಂಟಿನ ಹೊಲಿಗೆ ಹಿಡಿದು ಕೊಟ್ಲು, ಎಂತಕ್ಕೆ ಅಂತ ಕೇಳ್ಲಿಲ್ಲ. ಅಷ್ಟು ಸಂಶಯದವ್ಳೇ ಕೇಳ್ಲಿಲ್ಲ ಅಂದ್ಮೇಲೆ ದೊಡ್ಡದೆಂತ ಇರ್ಲಿಕ್ಕಿಲ್ಲ ಅಂದ್ಕಂಡೆ."

ಫಿಸಿಯೋ ಹುಡುಗಿ ಅಳತೆಗೆಂದು ಬೆಂಚಿನ ಮೇಲೆ ಕಳಚಿಟ್ಟಿದ್ದ ಪ್ಯಾಂಟನ್ನು ತೆಗೆದು ಒಳಮಗ್ಗುಲು ಹೊರಗೆ ಮಾಡಿದಳು. ಎಡಗಾಲಿನ ಒಳಗೆ ನನ್ನ ಎರಡು ಹೊಲಿಗೆಗಳು ಅಕ್ಕಪಕ್ಕ ಓಡಿದ್ದವು. ಒಂದು ಯಾವಾಗ ಹಾಕಿದ್ದು, ಇನ್ನೊಂದು ಯಾವಾಗ ಎಂದು ಕೇಳಿದಳು. ನವರಾತ್ರಿಗೆ ಮೊದಲು, ದೀಪಾವಳಿ ಕಳೆದು ಎಂದೆ. ಅವಳು ಬರೆದುಕೊಂಡಳು. ಕಾಲು ಎಷ್ಟು ದಿನದಲ್ಲಿ ಎಷ್ಟು ಕರಗಿದೆ ಎಂದು ಡಾಕ್ಟರಿಗೆ ಹೇಳಲು ಇದು ಉಪಯೋಗಕ್ಕೆ ಬರುತ್ತದೆ ಎಂದಳು. ಬಾಗಿಲ ಹೊರಗಿನಿಂದ ಸರ್ ನಿಧಾನವಾಗಿ ಹೇಳಿದ್ದೂ ಕೇಳಿಸಿತು, ಮೈದಾನದಲ್ಲಿ ದಿನಾ ನೋಡುತ್ತಿದ್ದೆ, ಎರಡೂ ಕಾಲು ಒಂದೇ ಸಮ ಕಾಣುತ್ತಿತ್ತಲ್ಲ ಎಂದು. ಕಾಣದೇ ಏನು, ಕಾಣುವ ಹಾಗೆ ಹೊಲಿದವಳು ನಾನೇ. ಆ ಕೋಣೆಯಲ್ಲಿ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು. ಊರಿನ ಎಲ್ಲರ ಮೇಲೂ ಸಂಶಯಪಟ್ಟವಳು ನನ್ನ ಸೂಜಿಯನ್ನು ಒಂದು ದಿನವೂ ಸಂಶಯದಿಂದ ನೋಡಿರಲಿಲ್ಲ.

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು, ಲಿಗಮೆಂಟು ಎನ್ನುತ್ತಾರೆ, ಅರ್ಧ ಹರಿದಿತ್ತು. ಆಪರೇಷನ್ ಬೇಡ, ಆದರೆ ತೊಡೆಯ ಬಲ ಮರಳಿ ಬರುವವರೆಗೆ ನೆಗೆಯಕೂಡದು, ನೆಗೆದರೆ ಉಳಿದರ್ಧವೂ ಹೋಗುತ್ತದೆ ಎಂದರು. ಡಿಸೆಂಬರಿನ ಆಯ್ಕೆ ತಪ್ಪಿತು. ಯಲ್ಲಾಪುರದ ಕಡೆಯ ಆ ಹುಡುಗಿ ಹೋದಳು. ಹೋಗುವ ಮೊದಲು ನಮ್ಮ ಮನೆಗೆ ಬಂದು ಮಗಳ ಕೈ ಹಿಡಿದು ಅತ್ತಳು. ನಾನು ಅವಳಿಗೊಂದು ಚೂಡಿದಾರ ಹೊಲಿದು ಕೊಟ್ಟೆ. ಅವಳ ಎರಡೂ ತೋಳು ಅಳೆದೆ.

ಆಮೇಲೆ ಅಂಗಡಿಯಲ್ಲೂ ಹಾಗೇ ಆಯಿತು. ವಾನಳ್ಳಿಯಿಂದ ಬರುವ ಒಬ್ಬ ಅಜ್ಜಿ, ಒಂದು ಕೈ ಅಳೆದರೆ ಸಾಕಲ್ಲದಾ ಮಾರಾಯ್ತಿ, ಎಂತಕ್ಕೆ ಎರಡೂ ಕೈ ಎತ್ತಿಸುತ್ತೀ ಎಂದು ರೇಗುತ್ತಾರೆ. ಭುಜ ಇಳಿದ ಟೀಚರಿಗೂ ಹೇಳಿದೆ, ಚೀಲವನ್ನು ಇನ್ನೊಂದು ಹೆಗಲಿಗೂ ಹಾಕಿ ಎಂದು. ಅವರು ಮುಖ ದಪ್ಪ ಮಾಡಿಕೊಂಡು ಹೋದವರು ಎರಡು ತಿಂಗಳು ಬರಲಿಲ್ಲ. ನನಗೆ ಕಲಿಸಿದ ಹೆಂಗಸು ಹೇಳಿದ್ದು ಸುಳ್ಳಲ್ಲ.

ಮಗಳಿಗೆ ಫಿಸಿಯೋ ಹುಡುಗಿ ವ್ಯಾಯಾಮ ಕೊಟ್ಟಳು. ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತ ಹಾಗೆ ಕೂರುವುದು, ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತುವುದು, ಒಂಟಿ ಕಾಲಲ್ಲಿ ಮೆಟ್ಟಿಲು ಹತ್ತುವುದು. ಮರಳಿನ ಚೀಲ ನಾನೇ ಹೊಲಿದೆ. ಭಾನುವಾರ ಬೆಳಿಗ್ಗೆ ಎರಡೂ ತೊಡೆ ಅಳೆದು ಅಳತೆ ಪುಸ್ತಕದಲ್ಲಿ ಅವಳ ಪುಟದ ನಡುವೆ ಗೆರೆ ಎಳೆದು ಎಡ ಒಂದು ಕಡೆ, ಬಲ ಒಂದು ಕಡೆ ಬರೆದೆ. ಪ್ರತಿ ಸಲವೂ ನೋವಿದೆಯಾ ಎಂದು ಕೇಳಿದೆ. ಇಲ್ಲ ಎನ್ನುತ್ತಿದ್ದಳು. ನಾನು ನಂಬುತ್ತಿರಲಿಲ್ಲ, ಟೇಪನ್ನೇ ನಂಬುತ್ತಿದ್ದೆ. ಮುಂಗಾರಿನ ಹೊತ್ತಿಗೆ ಎಡ ತೊಡೆ ಮುಕ್ಕಾಲು ಇಂಚು ತುಂಬಿಕೊಂಡಿತು. ಎರಡನೇ ಹೊಲಿಗೆಯನ್ನು ಬಿಚ್ಚಿದೆ. ಅಂದು ಅವಳಪ್ಪ ಸಿಹಿ ತಂದರು.

ಮತ್ತೆ ಸೆಪ್ಟೆಂಬರು ಬಂತು, ಮತ್ತೆ ಯಲ್ಲಾಪುರದ ಪಂದ್ಯಾವಳಿ. ಅಲ್ಲಿ ಚೆನ್ನಾಗಿ ಆಡಿದವರನ್ನು ಡಿಸೆಂಬರಿನ ಆಯ್ಕೆಗೆ ಕರೆಯುತ್ತಾರೆ. ಮಗಳು ಪಿಯು ಎರಡನೇ ವರ್ಷ, ವಯಸ್ಸಿನ ಮಿತಿಯಲ್ಲಿ ಇದೇ ಕೊನೆಯ ಅವಕಾಶ. ಟೇಪು ಇನ್ನೂ ಅರ್ಧ ಇಂಚು ಕಡಿಮೆ ತೋರಿಸುತ್ತಿತ್ತು. ಸರ್ ಅವಳನ್ನು ತಂಡದಲ್ಲಿ ಸೇರಿಸಿದ್ದರು, ಕಾಲು ನೋಡಿ ಆಡಿಸುವ ಎಂದಿದ್ದರು. ಹೊರಡುವ ಹಿಂದಿನ ದಿನ ಅವಳು ಪ್ಯಾಂಟು ಹಿಡಿದು ಅಂಗಡಿಗೆ ಬಂದಳು.

ಮೊದಲನೇ ಹೊಲಿಗೆ ಇನ್ನೂ ಹಾಗೇ ಇತ್ತು. ಅದನ್ನು ಈಗಿನ ಅರ್ಧ ಇಂಚಿಗೆ ಸರಿಮಾಡಿ ಹಿಡಿದುಕೊಡು, ಹೊರಗಿನಿಂದ ಗೊತ್ತಾಗದ ಹಾಗೆ ನಿನಗೆ ಬರುತ್ತದೆ, ನನಗೆ ನೋವೇ ಇಲ್ಲ ಎಂದು ಬೇಡಿಕೊಂಡಳು. ಕೇಳುವಾಗ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ನನಗೆ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತು ನಿಮಿಷದ ಕೆಲಸ. ಅವಳು ನೆಗೆಯುವುದನ್ನು ಮತ್ತೆ ನೋಡಬೇಕೆಂದು ನನಗೂ ಒಂದು ವರ್ಷದ ಹಸಿವಿತ್ತು.

ಪ್ಯಾಂಟನ್ನು ಒಳಮಗ್ಗುಲು ಮಾಡಿ, ಬ್ಲೇಡು ತೆಗೆದು, ಮೊದಲನೇ ಹೊಲಿಗೆಯನ್ನೂ ಪೂರಾ ಬಿಚ್ಚಿದೆ. ದಾರವನ್ನೆಲ್ಲ ಹೆಕ್ಕಿ ತೆಗೆದೆ. ಸೂಜಿ ಹೋದ ತೂತುಗಳು ಮಾತ್ರ ಸಾಲಾಗಿ ಉಳಿದವು.

"ಲೂಸ್ ಇದ್ದಂಗ ಹೋಗು," ಎಂದೆ. "ಎಲ್ಲರಿಗೂ ಕಾಣ್ಲಿ."

ಅವಳು ಅತ್ತಳು, ಪ್ಯಾಂಟನ್ನು ಕಿತ್ತುಕೊಂಡು ಮೆಟ್ಟಿಲಿಳಿದು ಹೋದಳು. ಇಳಿಯುವ ಸದ್ದನ್ನು ಕಿವಿಗೊಟ್ಟು ಕೇಳಿದೆ. ಒಂದು ಮೆಟ್ಟಿಲು ಜೋರು, ಒಂದು ಮೆಲ್ಲಗೆ.

ಯಲ್ಲಾಪುರಕ್ಕೆ ನಾನು ಹೋಗಲಿಲ್ಲ. ಆಮೇಲೆ ಸರ್ ಫೋನ್ ಮಾಡಿ ಹೇಳಿದರು. ಅವಳು ಓಡಿ ಬರುವಾಗಲೇ ಎಡಗಾಲಿನ ಪ್ಯಾಂಟು ಪಟಪಟ ಹಾರುವುದು ಕಂಡಿತಂತೆ. ನೆಟ್ಟಿನ ಹತ್ತಿರ ಬಿಡದೆ ಹಿಂದಿನಿಂದ ಸರ್ವಿಸಿಗೆ ಮಾತ್ರ ಇಳಿಸಿದರಂತೆ. ಆಯ್ಕೆ ಮಾಡಲು ಬಂದವರು ಅವಳ ಹೆಸರು ಬರೆದುಕೊಳ್ಳಲಿಲ್ಲ. ನೀವು ಮಾಡಿದ್ದು ಸರಿ ಅಕ್ಕ ಎಂದು ಸರ್ ಹೇಳಿದರು. ಅವರ ದನಿಯಲ್ಲಿ ಬೇಸರವಿತ್ತು, ನನಗೂ ಬೇಸರವೇ ಆಯಿತು. ನಾನು ಸರಿಯೆಂದು ಅನ್ನಿಸಿಕೊಂಡು ಅಷ್ಟು ಸಂಕಟಪಟ್ಟದ್ದು ಬೇರೆ ಯಾವತ್ತೂ ಇಲ್ಲ.

ಮಗಳು ನನ್ನ ಜೊತೆ ಮಾತು ಬಿಟ್ಟಳು. ನಾಲ್ಕು ದಿನ ಅಪ್ಪನ ಮೂಲಕ ಉಪ್ಪು, ಚಟ್ನಿ ಕೇಳಿದಳು. ಭಾನುವಾರ ಬೆಳಿಗ್ಗೆ ನಾನು ಟೇಪು ತೆಗೆಯದೆ ಸುಮ್ಮನೆ ಜಗಲಿಯಲ್ಲಿ ಕುಳಿತಿದ್ದೆ. ಅವಳೇ ಬಂದು ಎದುರಿನ ಕುರ್ಚಿಯಲ್ಲಿ ಕುಳಿತು, ಎಡಗಾಲು ಮುಂದೆ ಚಾಚಿದಳು. ನಾನು ಎದ್ದು ಒಳಗಿನಿಂದ ಮರದ ಸ್ಕೇಲು ತಂದು, ಟೇಪನ್ನು ಅದರ ಮೇಲೆ ಇಟ್ಟು ನೋಡಿದೆ. ಆಮೇಲೆ ಮಂಡಿಯೂರಿ, ಪ್ರತಿ ವಾರದ ಹಾಗೆ ನೋವಿದೆಯಾ ಎಂದು ಕೇಳಿದೆ.

ಅವಳು ಈ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟಳು.

"ಇದೆ ಅಮ್ಮ," ಎಂದಳು. "ಮೆಟ್ಟಿಲಿಳಿಯೂವಾಗ."

ಟೇಪು ನನ್ನ ಕೈಯಲ್ಲೇ ಇತ್ತು. ಅಳೆಯದೆಯೇ ನಂಬಿದೆ.